ರಕ್ತ ಒಪ್ಪುವ ಲೇಪನ: ಸ್ಟೆಂಟ್, ಕವಾಟಗಳನ್ನು ಪರೀಕ್ಷಿಸುವುದು ಹೇಗೆ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಆ ಗಾಬರಿ ತಣ್ಣಗಾದರೂ ಆಂಜಿಯೋಗ್ರಾಂ, ಬ್ಲಾಕೇಜ್, ಸ್ಟೆಂಟ್ ಎಂಬ ಪದಗಳು ಮನೆಮಾತಾಗಿ ಉಳಿದುಕೊಂಡವು. ಜೊತೆಗೆ ‘ಕೋಟಿಂಗ್’ ಎಂಬ ಪದವೂ. ಯಾವ ಸ್ಟೆಂಟ್ ಹಾಕಿಸುವುದು ಎಂದು ಆಸ್ಪತ್ರೆಯ ವರಾಂಡದಲ್ಲಿ ಮಾತಾಗುವಾಗ ಯಾರಾದರೊಬ್ಬರು ‘ಮೆಡಿಕೇಟೆಡ್ ಹಾಕಿಸಿ, ಅದಕ್ಕೆ ಕೋಟಿಂಗ್ ಇರುತ್ತದೆ’ ಎಂದೇ ಎನ್ನುತ್ತಾರೆ. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಫೆಬ್ರುವರಿಯಲ್ಲಿ ಸ್ಟೆಂಟ್‌ಗಳಿಗೆ ಬೆಲೆಮಿತಿ ಹಾಕಿದಾಗ ಬರಿ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿತವಾದದ್ದಕ್ಕೆ 29,600 ರೂಪಾಯಿ ಎಂದು ನಿಗದಿ ಮಾಡಿತ್ತು. ಎರಡರ ನಡುವಿನ ಮುಖ್ಯ ವ್ಯತ್ಯಾಸ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಪ್ಪದ ಒಂದು ಪದರ.

ಆ ಪದರ ರಕ್ತದಲ್ಲಿ ಮುಳುಗಿ ವರ್ಷಗಟ್ಟಲೆ ಇರಬೇಕು. ರಕ್ತ ಅದನ್ನು ಒಪ್ಪುತ್ತದೆಯೇ, ಇಲ್ಲವೇ? ಕಂಪನಿಯ ಕರಪತ್ರ ‘ರಕ್ತಸ್ನೇಹಿ’ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ. ಪ್ರಯೋಗಾಲಯಗಳು ಅಷ್ಟು ಸಲೀಸಾಗಿ ಹೇಳುವುದಿಲ್ಲ. ಅಲ್ಲಿ ಪ್ರತಿ ಅಂಕಿಯ ಹಿಂದೆಯೂ ನಾಲ್ಕು ಪ್ರಶ್ನೆಗಳಿರುತ್ತವೆ: ಯಾರ ರಕ್ತ, ಎಷ್ಟು ಹೊತ್ತು, ಯಾವ ವೇಗದ ಹರಿವಿನಲ್ಲಿ, ಯಾವುದಕ್ಕೆ ಹೋಲಿಸಿ?

## ಲೇಪನ ಏಕೆ ಬೇಕಾಯಿತು

ಸ್ಟೆಂಟ್ ಎಂದರೆ ಕಟ್ಟಿಕೊಂಡ ರಕ್ತನಾಳವನ್ನು ಹಿಗ್ಗಿಸಿ, ಅದು ಮತ್ತೆ ಕುಸಿಯದಂತೆ ಒಳಗಿನಿಂದ ಆನಿಸಿ ಹಿಡಿಯುವ ಲೋಹದ ಬಲೆ. ಈಗಿನವುಗಳಲ್ಲಿ ಹೆಚ್ಚಿನವು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದವು. ಬಲೆಯ ಎಳೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳು. ಬರಿ ಲೋಹದ ಸ್ಟೆಂಟ್ ಹಾಕಿದಾಗ ನಾಳದ ಗೋಡೆಯ ಜೀವಕೋಶಗಳು ಗಾಯ ಮಾಯುವ ಭರದಲ್ಲಿ ಅತಿಯಾಗಿ ಬೆಳೆದು, ತೆರೆದ ದಾರಿಯನ್ನು ಕೆಲವರಲ್ಲಿ ಮತ್ತೆ ಕಿರಿದು ಮಾಡುತ್ತಿದ್ದವು. ಅದನ್ನು ತಡೆಯಲು ಎಳೆಗಳ ಮೇಲೆ ಪ್ಲಾಸ್ಟಿಕ್ ಬಳಗದ ಪಾಲಿಮರ್ ಸವರಿ, ಅದರೊಳಗೆ ಸಿರೋಲಿಮಸ್‌ನಂತಹ ಔಷಧ ಬೆರೆಸಿ, ವಾರಗಟ್ಟಲೆ ಒಸರುವಂತೆ ಮಾಡಿದರು. 1999ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಎಡ್ವಾರ್ಡೊ ಸೌಜಾ ಇಂತಹ ಸ್ಟೆಂಟನ್ನು ಮೊದಲ ಬಾರಿ ರೋಗಿಗಳಿಗೆ ಅಳವಡಿಸಿದರು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಎಲ್ಲ ಲೇಪನಗಳೂ ಔಷಧ ಒಸರುವುದಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರದ ಕೊಳವೆಗಳ ಒಳಮೈಗೆ ಹೆಪ್ಪುತಡೆ ಔಷಧವಾದ ಹೆಪಾರಿನ್ ಅಂಟಿಸುತ್ತಾರೆ. ಕೃತಕ ಹೃದಯ ಕವಾಟಗಳ ಎಲೆಗಳಿಗೆ ಪೈರೋಲಿಟಿಕ್ ಕಾರ್ಬನ್ ಎಂಬ ಗಟ್ಟಿ, ನುಣುಪು ಇಂಗಾಲದ ಪದರ ಕೂರಿಸುತ್ತಾರೆ. ಉದ್ದೇಶ ಬೇರೆ ಬೇರೆಯಾದರೂ ರಕ್ತದ ಮುಂದೆ ಎಲ್ಲಕ್ಕೂ ಪರೀಕ್ಷೆ ಒಂದೇ.

## ಮುಟ್ಟಿದ ಮೊದಲ ಕ್ಷಣಗಳು

ರಕ್ತನಾಳದ ಒಳಮೈಯಲ್ಲಿ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಜೀವಕೋಶಗಳ ಹಾಸು ಇದೆ. ಅದು ಸುಮ್ಮನೆ ನುಣುಪಾಗಿರುವುದಷ್ಟೇ ಅಲ್ಲ. ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಮುಂತಾದವನ್ನು ಬಿಡುತ್ತಾ, ಹೆಪಾರಿನ್‌ನ ಬಳಗದ ಅಣುಗಳನ್ನು ಮೈಮೇಲೆ ಹೊದ್ದುಕೊಂಡು, ರಕ್ತ ಹೆಪ್ಪುಗಟ್ಟದಂತೆ ಹಗಲಿರುಳೂ ದುಡಿಯುತ್ತದೆ. ಈ ಹಾಸು ಬಿಟ್ಟು ಬೇರೆ ಯಾವುದನ್ನು ಮುಟ್ಟಿದರೂ ರಕ್ತ ಅದನ್ನು ಗಾಯವೆಂದೇ ಭಾವಿಸುತ್ತದೆ. ಚಿನ್ನವಾಗಲಿ, ಟೈಟಾನಿಯಂ ಆಗಲಿ, ಎಷ್ಟೇ ದುಬಾರಿಯ ಪಾಲಿಮರ್ ಆಗಲಿ.

ಮೊದಲು ಬಂದು ಮೆತ್ತಿಕೊಳ್ಳುವುದು ಜೀವಕೋಶಗಳಲ್ಲ, ಪ್ರೋಟೀನುಗಳು. ಅದಕ್ಕೆ ಬೇಕಾಗುವುದು ಕೆಲವೇ ಸೆಕೆಂಡು. ರಕ್ತದ ದ್ರವಭಾಗವಾದ ಪ್ಲಾಸ್ಮಾದ ಒಂದು ಲೀಟರಿನಲ್ಲಿ ಸುಮಾರು 35ರಿಂದ 50 ಗ್ರಾಂ ಆಲ್ಬುಮಿನ್ ಇರುತ್ತದೆ. ಹೆಪ್ಪುಗಟ್ಟಲು ಬೇಕಾದ ಫೈಬ್ರಿನೊಜೆನ್ ಇರುವುದು 2ರಿಂದ 4 ಗ್ರಾಂ. ಸಂಖ್ಯೆಯಲ್ಲಿ ಹೆಚ್ಚಿರುವ, ಗಾತ್ರದಲ್ಲಿ ಸಣ್ಣದಾದ ಆಲ್ಬುಮಿನ್ ಬೇಗ ಬಂದು ಜಾಗ ಹಿಡಿಯುತ್ತದೆ. ಆದರೆ ಇದು ಜಾತ್ರೆಯ ದಿನದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನಂತೆ: ಮೊದಲು ಹಿಡಿದವನಿಗೇ ಕೊನೆಯವರೆಗೆ ಉಳಿಯುತ್ತದೆಂಬ ಖಾತರಿಯಿಲ್ಲ. ನಿಧಾನವಾಗಿ ಬಂದರೂ ಗಟ್ಟಿಯಾಗಿ ಕೂರಬಲ್ಲ ಫೈಬ್ರಿನೊಜೆನ್ ಅದನ್ನು ಎಬ್ಬಿಸುತ್ತದೆ. ಅದನ್ನೂ ಮುಂದೆ ಇನ್ನೊಂದು ಪ್ರೋಟೀನು ಎಬ್ಬಿಸಬಹುದು. ಈ ಅದಲುಬದಲಿಗೆ ‘ವ್ರೋಮನ್ ಪರಿಣಾಮ’ ಎಂದು ಹೆಸರು. ಅದನ್ನು ಗುರುತಿಸಿದ ಲಿಯೊ ವ್ರೋಮನ್ ರಕ್ತವಿಜ್ಞಾನಿ. ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. 1915ರಲ್ಲಿ ಹುಟ್ಟಿ 2014ರವರೆಗೆ ಬಾಳಿದ ಅವರು ಎರಡೂ ಕಸುಬನ್ನು ಬಿಡಲಿಲ್ಲ.

ಈ ಮೆತ್ತಿಕೊಳ್ಳುವಿಕೆಯನ್ನು ತೂಗಿ ನೋಡಬಹುದು. ಸೆಕೆಂಡಿಗೆ 50 ಲಕ್ಷ ಬಾರಿ ಕಂಪಿಸುವ ಕ್ವಾರ್ಟ್ಸ್ ಬಿಲ್ಲೆಯ ಮೇಲೆ ಪರೀಕ್ಷೆಯ ಲೇಪನ ಹಚ್ಚಿ ಅದರ ಮೇಲೆ ಪ್ಲಾಸ್ಮಾ ಹರಿಸುತ್ತಾರೆ. ಪ್ರೋಟೀನು ಕೂತಷ್ಟೂ ಬಿಲ್ಲೆ ಭಾರವಾಗಿ ಕಂಪನ ನಿಧಾನವಾಗುತ್ತದೆ. ಸೆಕೆಂಡಿಗೆ ಒಂದು ಕಂಪನ ಕಡಿಮೆಯಾದರೆ ಚದರ ಸೆಂಟಿಮೀಟರಿಗೆ ಸುಮಾರು 17.7 ನ್ಯಾನೊಗ್ರಾಂ ಕೂತಿದೆ ಎಂದು ಲೆಕ್ಕ. ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಗ್ರಾಂ. ಪ್ರೋಟೀನಿನ ಜೊತೆಗೆ ಸೇರಿದ ನೀರಿನ ತೂಕವೂ ಅದರಲ್ಲಿ ಬಂದುಬಿಡುತ್ತದೆ ಎಂಬ ತಕರಾರು ಈ ವಿಧಾನಕ್ಕೆ ಇದ್ದೇ ಇದೆ.

ಇಷ್ಟರಲ್ಲಿ ಪ್ಲೇಟ್‌ಲೆಟ್‌ಗಳು ಬರುತ್ತವೆ. ಡೆಂಗಿ ಕಾಲದಲ್ಲಿ ಊರೆಲ್ಲ ಎಣಿಸುವ ಅದೇ ಪ್ಲೇಟ್‌ಲೆಟ್: ಎರಡು-ಮೂರು ಮೈಕ್ರಾನ್ ಅಗಲ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಅವುಗಳಿಗೆ ಲೋಹವಾಗಲಿ ಪಾಲಿಮರ್ ಆಗಲಿ ಕಾಣುವುದೇ ಇಲ್ಲ. ಕಾಣುವುದು ಮೇಲೆ ಕೂತಿರುವ ಪ್ರೋಟೀನು. ಕೂತ ರಭಸಕ್ಕೆ ಫೈಬ್ರಿನೊಜೆನ್‌ನ ಆಕಾರ ಬಿಚ್ಚಿಕೊಂಡಿದ್ದರೆ ಪ್ಲೇಟ್‌ಲೆಟ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ, ಚಪ್ಪಟೆಯಾಗಿ ಹರಡುತ್ತವೆ, ಇತರ ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತವೆ. ಹಾಗಾಗಿ ಎಷ್ಟು ಪ್ರೋಟೀನು ಕೂತಿದೆ ಎನ್ನುವುದಕ್ಕಿಂತ ಯಾವುದು, ಯಾವ ಭಂಗಿಯಲ್ಲಿ ಕೂತಿದೆ ಎನ್ನುವುದೇ ಮುಖ್ಯ.

ಇದರ ಜೊತೆಯಲ್ಲೇ ಇನ್ನೆರಡು ವ್ಯವಸ್ಥೆಗಳು ಎಚ್ಚರಗೊಳ್ಳಬಹುದು. ಒಂದು, ರಕ್ತವನ್ನು ಹೆಪ್ಪಾಗಿಸುವ ಪ್ರೋಟೀನುಗಳ ಸರಣಿ. ಅದರ ತುದಿಯಲ್ಲಿ ಥ್ರಾಂಬಿನ್ ಹುಟ್ಟಿ, ಕರಗಿದ್ದ ಫೈಬ್ರಿನೊಜೆನ್ ಅನ್ನು ಫೈಬ್ರಿನ್ ಎಂಬ ನಾರಿನ ಬಲೆಯಾಗಿಸುತ್ತದೆ. ಇನ್ನೊಂದು ಕಾಂಪ್ಲಿಮೆಂಟ್, ರೋಗಾಣುಗಳ ಮೇಲೆ ಬೀಳಬೇಕಾದ ಈ ರಕ್ಷಣಾ ಪ್ರೋಟೀನುಗಳು ತಮ್ಮದಲ್ಲದ ಮೈ ಕಂಡರೆ ಅದರ ಮೇಲೂ ಬೀಳುತ್ತವೆ. ಲೇಪನ ಒರಟಾಗಿದ್ದರೆ ಅಥವಾ ಅದರಿಂದ ರಾಸಾಯನಿಕ ಒಸರಿದರೆ ಕೆಂಪು ರಕ್ತಕಣಗಳೂ ಒಡೆಯಬಹುದು. ವೈದ್ಯಕೀಯ ಸಾಧನಗಳ ಜೈವಿಕ ಪರೀಕ್ಷೆಗೆ ಜಗತ್ತು ಒಪ್ಪಿಕೊಂಡಿರುವ ಐಎಸ್‌ಒ 10993 ಮಾನದಂಡದ 4ನೇ ಭಾಗ ರಕ್ತಕ್ಕೆ ಮೀಸಲು. ಅದು ಕೇಳುವುದು ಇವನ್ನೇ: ಕಣ ಒಡೆಯಿತೇ, ಗರಣೆ (ಹೆಪ್ಪುಗಟ್ಟಿದ ರಕ್ತದ ಗಡ್ಡೆ) ಕಟ್ಟಿತೇ, ಪ್ಲೇಟ್‌ಲೆಟ್ ಕೆರಳಿತೇ, ಕಾಂಪ್ಲಿಮೆಂಟ್ ಎಚ್ಚೆತ್ತಿತೇ?

## ಸುಲಭದ ಪರೀಕ್ಷೆ: ಕೆಂಪು ಕಣ ಒಡೆಯಿತೇ?

ಎಲ್ಲಕ್ಕಿಂತ ಅಗ್ಗದ, ಎಲ್ಲ ಪ್ರಯೋಗಾಲಯಗಳೂ ಮಾಡಬಲ್ಲ ಪರೀಕ್ಷೆ ಇದು. ಹೆಚ್ಚಾಗಿ ಮೊಲದ ರಕ್ತ ಬಳಸುತ್ತಾರೆ. ಲೇಪಿತ ತುಂಡನ್ನು ಏಳು ಮಿಲಿಲೀಟರ್ ಉಪ್ಪುದ್ರಾವಣದಲ್ಲಿ ಇಟ್ಟು, ತೆಳುಗೊಳಿಸಿದ ರಕ್ತ ಒಂದು ಮಿಲಿಲೀಟರ್ ಸೇರಿಸಿ, 37 ಡಿಗ್ರಿ ಶಾಖದಲ್ಲಿ ಮೂರು ಗಂಟೆ ಬಿಡುತ್ತಾರೆ. ಕಣಗಳು ತಳದಲ್ಲೇ ಕೂರದಂತೆ ಆಗಾಗ ನಳಿಕೆಯನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು. ಬಳಿಕ ನಳಿಕೆಯನ್ನು ಗಿರ್ರನೆ ತಿರುಗಿಸಿದರೆ ಒಡೆಯದ ಕಣಗಳು ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಕಣ ಒಡೆದಿದ್ದರೆ ಒಳಗಿನ ಹಿಮೋಗ್ಲೋಬಿನ್ ಹೊರಬಂದು ಆ ತಿಳಿ ಕೆಂಪಡರುತ್ತದೆ. ಎಷ್ಟು ಕೆಂಪು ಎಂದು ಬೆಳಕು ಹಾಯಿಸಿ ಉಪಕರಣ ಅಳೆಯುತ್ತದೆ.

ಲೆಕ್ಕ ಹೀಗೆ: ಎಲ್ಲ ಕಣಗಳನ್ನೂ ಬೇಕೆಂದೇ ಒಡೆದ ನಳಿಕೆಯ ಓದು 100 ಎಂದಿಟ್ಟುಕೊಳ್ಳಿ. ಯಾವ ವಸ್ತುವನ್ನೂ ಹಾಕದ ನಳಿಕೆಯಲ್ಲೂ ತಾವಾಗಿಯೇ ಒಡೆದ ಕಣಗಳಿಂದ 0.8 ಬಂತು, ಲೇಪಿತ ತುಂಡಿನದ್ದರಲ್ಲಿ 3.1 ಬಂತು. ಆ 0.8 ಅನ್ನು ಎರಡರಿಂದಲೂ ಕಳೆದು ಭಾಗಿಸಿದರೆ ಶೇಕಡಾ 2.3. ಅಮೆರಿಕದ ಎಎಸ್‌ಟಿಎಂ ಮಾನದಂಡದ ಪ್ರಕಾರ ಶೇ 2ರೊಳಗಿದ್ದರೆ ಕಣ ಒಡೆಯದ ವಸ್ತು, 2ರಿಂದ 5ರವರೆಗೆ ಸ್ವಲ್ಪ ಒಡೆಯುವಂಥದ್ದು, 5 ದಾಟಿದರೆ ಒಡೆಯುವಂಥದ್ದು. ನಮ್ಮ ಉದಾಹರಣೆಯ ಲೇಪನ ನಡುವಿನ ಗುಂಪಿಗೆ ಸೇರಿತು. ಅಂದ ಮಾತ್ರಕ್ಕೆ ಅದು ಸೋತಿತು ಎಂದೇನಲ್ಲ. ತಯಾರಕರು ಕಾರಣ ಹುಡುಕಿ ವಿವರಣೆ ಕೊಡಬೇಕಾಗುತ್ತದೆ.

ಈ ಪರೀಕ್ಷೆಯಲ್ಲಿ ಗೆದ್ದದ್ದನ್ನೇ ದೊಡ್ಡದಾಗಿ ಅಚ್ಚು ಹಾಕಿಸುವ ಕರಪತ್ರಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಒಂದು ವಿಚಿತ್ರ ನೋಡಿ: ರಕ್ತನಿಧಿಯ ಪಿವಿಸಿ ಚೀಲವನ್ನು ಮೆದುವಾಗಿಸಲು ಬೆರೆಸುವ ಡಿಇಎಚ್‌ಪಿ ಎಂಬ ರಾಸಾಯನಿಕ ಮೆಲ್ಲನೆ ರಕ್ತಕ್ಕೆ ಒಸರುತ್ತದೆ. ಅದು ದೇಹಕ್ಕೆ ಒಳ್ಳೆಯದಲ್ಲ ಎಂಬ ಆತಂಕ ಹಳೆಯದು. ಆದರೆ ಅದೇ ರಾಸಾಯನಿಕ ಕೆಂಪು ಕಣದ ಪೊರೆಯನ್ನು ಗಟ್ಟಿಗೊಳಿಸಿ, ಚೀಲದಲ್ಲಿಟ್ಟ ರಕ್ತ ಹೆಚ್ಚು ದಿನ ಕೆಡದಂತೆ ನೋಡಿಕೊಳ್ಳುತ್ತದೆ. ಕಣ ಒಡೆಯಿತೇ ಎಂಬುದನ್ನಷ್ಟೇ ಅಳೆದರೆ ಒಸರುವ ರಾಸಾಯನಿಕಕ್ಕೇ ಹೆಚ್ಚು ಅಂಕ ಸಿಗುತ್ತದೆ.

## ಪ್ಲೇಟ್‌ಲೆಟ್‌ಗಳ ಮುಖ ನೋಡುವುದು

ಪ್ಲೇಟ್‌ಲೆಟ್ ಪರೀಕ್ಷೆಯಲ್ಲಿ ಎಣಿಕೆಯ ಜೊತೆಗೆ ಆಕಾರವನ್ನೂ ನೋಡಬೇಕು. ತುಂಡನ್ನು ರಕ್ತದಲ್ಲೋ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾದಲ್ಲೋ ಇಟ್ಟು ತೆಗೆದು, ಅಂಟದೆ ಉಳಿದವನ್ನು ತೊಳೆದು, ಅಂಟಿದವನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಇದ್ದ ಭಂಗಿಯಲ್ಲೇ ಬಿಗಿಗೊಳಿಸುತ್ತಾರೆ. ನೀರಿನಂಶವನ್ನೆಲ್ಲ ತೆಗೆದು, ಚಿನ್ನದ ಅತಿ ತೆಳು ಪದರ ಹಚ್ಚಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆರಳದ ಪ್ಲೇಟ್‌ಲೆಟ್ ದುಂಡು ಬಿಲ್ಲೆಯಂತಿರುತ್ತದೆ. ಕೆರಳತೊಡಗಿದ್ದಕ್ಕೆ ಒಂದೆರಡು ಮುಳ್ಳು ಚಾಚಿರುತ್ತವೆ. ಇನ್ನೂ ಕೆರಳಿದರೆ ಮುಳ್ಳುಗಳ ನಡುವೆ ಪೊರೆ ತುಂಬಿ, ಕೊನೆಗೆ ಮೇಲ್ಮೈಗೆ ಪೂರ್ತಿ ಹರಡಿ ಅಂಟಿಬಿಡುತ್ತದೆ. ಹತ್ತು ಪ್ಲೇಟ್‌ಲೆಟ್ ಪೂರ್ತಿ ಹರಡಿರುವ ಲೇಪನಕ್ಕಿಂತ ಮೂವತ್ತು ದುಂಡಗೆ ಕೂತಿರುವ ಲೇಪನವೇ ವಾಸಿ ಇರಬಹುದು. ಬರಿ ಎಣಿಕೆ ಇದನ್ನು ಹೇಳುವುದಿಲ್ಲ.

ಕೈಹದದ ಮಾತೂ ಇದೆ. ತೊಳೆಯುವಾಗ ಕೈ ಸ್ವಲ್ಪ ಜೋರಾದರೆ ಅಂಟಿದವೂ ಕಿತ್ತು ಹೋಗಿ ಲೇಪನ ‘ಉತ್ತಮ’ವಾಗಿಬಿಡುತ್ತದೆ; ಮೆದುವಾದರೆ ಸುಮ್ಮನೆ ಕೂತವೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಉಳಿದ ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟು ಕುಸಿಯಿತು ಎಂದು ಎಣಿಸುವ, ಕೆರಳಿದ ಪ್ಲೇಟ್‌ಲೆಟ್ ಮೈಮೇಲೆ ಮೂಡುವ ಪಿ-ಸೆಲೆಕ್ಟಿನ್ ಎಂಬ ಗುರುತನ್ನು ಹುಡುಕುವ ಪರೀಕ್ಷೆಗಳನ್ನೂ ಜೊತೆಗಿಡುತ್ತಾರೆ.

## ಕಾಣದ ಥ್ರಾಂಬಿನ್ ಹಿಡಿಯುವುದು

ಥ್ರಾಂಬಿನ್ ರಕ್ತದಲ್ಲಿ ಹೆಚ್ಚು ಹೊತ್ತು ಒಂಟಿಯಾಗಿರುವುದಿಲ್ಲ; ಆಂಟಿಥ್ರಾಂಬಿನ್ ಎಂಬ ಕಾವಲುಗಾರ ಪ್ರೋಟೀನು ಬೇಗನೆ ಅದಕ್ಕೆ ಅಂಟಿಕೊಂಡು ಕೈಕಟ್ಟುತ್ತದೆ. ಆದ್ದರಿಂದ ಈ ಎರಡೂ ಸೇರಿದ ಜೋಡಿಯನ್ನೇ ಅಳೆಯುತ್ತಾರೆ. ಜೋಡಿ ಹೆಚ್ಚಿದ್ದರೆ ಥ್ರಾಂಬಿನ್ ಹೆಚ್ಚು ಹುಟ್ಟಿತ್ತು ಎಂದರ್ಥ. ಕಾಂಪ್ಲಿಮೆಂಟ್‌ಗೂ ಹೀಗೆಯೇ, ಅದು ಎಚ್ಚೆತ್ತಾಗ ಉದುರುವ ತುಣುಕುಗಳನ್ನು ಅಳೆಯುತ್ತಾರೆ.

ಕಾಂಪ್ಲಿಮೆಂಟ್ ಏಕೆ ಬೇಕು ಎಂಬುದನ್ನು ಡಯಾಲಿಸಿಸ್ ಕಲಿಸಿತು. ಹಿಂದೆ ಬಳಸುತ್ತಿದ್ದ ಸೆಲ್ಯುಲೋಸ್ ಪೊರೆಗಳಲ್ಲಿ ರಕ್ತ ಹರಿಯತೊಡಗಿದ ಸುಮಾರು ಕಾಲು ಗಂಟೆಯಲ್ಲಿ ರೋಗಿಯ ಬಿಳಿ ರಕ್ತಕಣಗಳ ಎಣಿಕೆ ಧಡಕ್ಕನೆ ಕುಸಿದು ಮತ್ತೆ ಏರುತ್ತಿತ್ತು. ಪೊರೆ ಕಾಂಪ್ಲಿಮೆಂಟನ್ನು ಕೆರಳಿಸಿ, ಕೆರಳಿದ ಬಿಳಿ ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಲ್ಲಿ ಗರಣೆ ಕಟ್ಟಿರಲಿಲ್ಲ. ಗರಣೆಯನ್ನಷ್ಟೇ ಹುಡುಕುವ ಪರೀಕ್ಷೆಗೆ ಇದು ಸಿಗುತ್ತಿರಲಿಲ್ಲ.

ಹೆಪಾರಿನ್ ಲೇಪನದಲ್ಲಿ ಮತ್ತೊಂದು ತೊಡಕು. ಮೇಲ್ಮೈಯಲ್ಲಿ ಎಷ್ಟು ಹೆಪಾರಿನ್ ಅಂಟಿದೆ ಎಂದು ಅಳೆಯುವುದು ಸುಲಭ. ಆದರೆ ಕೆಲಸ ಮಾಡುವ ಅದರ ತುದಿ ಲೇಪನದ ಒಳಗೆ ಹೂತುಹೋಗಿದ್ದರೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಅದು ಎಷ್ಟು ಆಂಟಿಥ್ರಾಂಬಿನ್ ಅನ್ನು ಹಿಡಿಯಬಲ್ಲದು ಎಂಬುದನ್ನೇ ಅಳೆಯಬೇಕು.

ಇನ್ನು ಗಾಜಿನ ಕಥೆ. ಗಾಜು ಮುಟ್ಟಿದರೆ ರಕ್ತ ಬೇಗ ಹೆಪ್ಪಾಗುತ್ತದೆ. ಹನ್ನೆರಡನೇ ಅಂಶ ಎಂಬ ಪ್ರೋಟೀನು ಅದಕ್ಕೆ ಕಾರಣ. 1950ರ ದಶಕದಲ್ಲಿ ಅಮೆರಿಕದ ಒಬ್ಬ ರೈಲ್ವೆ ಕಾರ್ಮಿಕನ ರಕ್ತ ಗಾಜಿನ ನಳಿಕೆಯಲ್ಲಿ ಬಹಳ ಹೊತ್ತು ಹೆಪ್ಪಾಗದೆ ವೈದ್ಯರು ಬೆರಗಾದರು. ಆತನಲ್ಲಿ ಈ ಅಂಶವೇ ಇರಲಿಲ್ಲ. ಆದರೆ ಆತನಿಗೆ ರಕ್ತಸ್ರಾವದ ತೊಂದರೆಯೇ ಇರಲಿಲ್ಲ. ಮುಂದೆ 1968ರಲ್ಲಿ ಆತ ತೀರಿಕೊಂಡದ್ದು ಶ್ವಾಸಕೋಶಕ್ಕೆ ಗರಣೆ ಹೊಕ್ಕು. ನಳಿಕೆಯ ಉತ್ತರ ಒಂದು, ದೇಹದ ಉತ್ತರ ಇನ್ನೊಂದು.

## ಹರಿಯುವ ರಕ್ತ, ನಿಂತ ರಕ್ತ

ಇಲ್ಲಿಯವರೆಗಿನ ಪರೀಕ್ಷೆಗಳಲ್ಲಿ ರಕ್ತ ಬಹುತೇಕ ನಿಂತೇ ಇತ್ತು. ನಾಳದಲ್ಲಿ ಅದು ಹರಿಯುತ್ತದೆ, ಹರಿಯುತ್ತಾ ಗೋಡೆಯನ್ನು ಉಜ್ಜುತ್ತದೆ. ನಿಧಾನವಾಗಿ ಹರಿಯುವ ಅಭಿಧಮನಿಯಲ್ಲಿ ಕಟ್ಟುವ ಗರಣೆಯಲ್ಲಿ ಫೈಬ್ರಿನ್, ಕೆಂಪು ಕಣ ಹೆಚ್ಚು. ರಭಸದ ಅಪಧಮನಿಯಲ್ಲಿ ಕಟ್ಟುವುದರಲ್ಲಿ ಪ್ಲೇಟ್‌ಲೆಟ್ ಹೆಚ್ಚು. ನಾಳ ಕಿರಿದಾದ ಕಡೆ ಉಜ್ಜುವಿಕೆ ತೀರಾ ಹೆಚ್ಚಾದಾಗ ವಾನ್ ವಿಲ್‌ಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನಿನ ಉಂಡೆ ಬಿಚ್ಚಿಕೊಂಡು, ಓಡುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಸೆಳೆದು ಹಿಡಿಯುತ್ತದೆ. ನಿಂತ ರಕ್ತದಲ್ಲಿ ಇದು ನಡೆಯುವುದೇ ಇಲ್ಲ.

1958ರಲ್ಲಿ ಚಾಂಡ್ಲರ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ಉಪಾಯ ಮಾಡಿದರು. ಪ್ಲಾಸ್ಟಿಕ್ ಕೊಳವೆಗೆ ಪೂರ್ತಿ ತುಂಬದಂತೆ ರಕ್ತ ಹಾಕಿ, ಎರಡೂ ತುದಿ ಸೇರಿಸಿ ಬಳೆ ಮಾಡಿ, ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ತಿರುಗಿಸುವುದು. ಬಳೆ ತಿರುಗಿದರೂ ರಕ್ತ ಕೆಳಗೇ ಉಳಿಯುವುದರಿಂದ ಕೊಳವೆಯ ಗೋಡೆಯ ಮೇಲೆ ಅದು ಹರಿದಂತಾಗುತ್ತದೆ. ಪಂಪ್ ಬೇಡ, ಕೀಲು ಬೇಡ. ಇಂದಿಗೂ ಲೇಪನ ಹಚ್ಚಿದ ಕೊಳವೆ, ಸ್ಟೆಂಟ್‌ಗಳನ್ನು ಇದರಲ್ಲಿ ಪರೀಕ್ಷಿಸುತ್ತಾರೆ. ಒಂದೇ ದೋಷ: ಒಳಗಿನ ಗಾಳಿ. ರಕ್ತ ಗಾಳಿಯನ್ನು ಮುಟ್ಟುವ ಅಂಚಿನಲ್ಲೂ ಪ್ರೋಟೀನುಗಳು ಆಕಾರ ಕಳೆದುಕೊಂಡು ಕೆರಳುತ್ತವೆ. ಗಾಳಿಯ ತಪ್ಪು ಲೇಪನದ ತಲೆಗೆ ಬರಬಹುದು.

ಈ ಬಳೆಯ ಸುಧಾರಿತ ರೂಪದಲ್ಲೇ ಎಂಐಟಿಯ ಎಲೇಜರ್ ಎಡೆಲ್ಮನ್ ಅವರ ತಂಡ 2011ರಲ್ಲಿ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಪಾಲಿಮರ್ ಲೇಪನವೇ ಗರಣೆಗೆ ಕಾರಣ ಎಂದು ಬಹಳ ಮಂದಿ ನಂಬಿದ್ದ ಕಾಲ ಅದು. ಅವರು ಒಂದೇ ವಿನ್ಯಾಸದ, ಎಳೆಯ ದಪ್ಪ ಮಾತ್ರ ಬೇರೆಯಾದ ಸ್ಟೆಂಟ್‌ಗಳನ್ನು ಹೋಲಿಸಿದರು. 162 ಮೈಕ್ರಾನ್ ಎಳೆಯದ್ದರಲ್ಲಿ ಕಟ್ಟಿದ ಗರಣೆ 81 ಮೈಕ್ರಾನ್‌ನದ್ದಕ್ಕಿಂತ ಒಂದೂವರೆ ಪಟ್ಟು. ತೆಳು ಎಳೆಯ ಸ್ಟೆಂಟ್‌ಗೆ ಔಷಧ, ಪಾಲಿಮರ್ ಲೇಪಿಸಿದಾಗ ಬರಿ ಲೋಹಕ್ಕಿಂತ ಗರಣೆ ಕಡಿಮೆಯೇ ಆಯಿತು. ಆರಂಭದ ಗರಣೆಗೆ ಎಳೆಯ ದಪ್ಪ, ಅದು ಗೋಡೆಗೆ ಸರಿಯಾಗಿ ಆತುಕೊಂಡಿದೆಯೇ ಎಂಬುದೇ ದೊಡ್ಡ ಕಾರಣವೆಂದು ಕಂಡಿತು. ದಪ್ಪ ಎಳೆಯ ಹಿಂದೆ ರಕ್ತ ಸುಳಿಗಟ್ಟಿ ತಡೆಯುತ್ತದೆ; ಅಲ್ಲಿ ಗರಣೆ ಬೇರೂರುತ್ತದೆ.

## ಯಾರ ರಕ್ತ?

ಪರೀಕ್ಷೆಯ ಮೂಲದಲ್ಲೇ ಒಂದು ಇಕ್ಕಟ್ಟಿದೆ. ದೇಹದಿಂದ ತೆಗೆದ ರಕ್ತ ಕೆಲವೇ ನಿಮಿಷಗಳಲ್ಲಿ ತಾನಾಗಿ ಹೆಪ್ಪಾಗುತ್ತದೆ. ಅದನ್ನು ತಡೆಯಲು ಸಿಟ್ರೇಟ್ ಹಾಕಿದರೆ ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹೆಪ್ಪಿನ ಸರಣಿಗೂ ಕಾಂಪ್ಲಿಮೆಂಟ್‌ಗೂ ಕ್ಯಾಲ್ಸಿಯಂ ಬೇಕು. ಹೆಪಾರಿನ್ ಹಾಕಿದರೆ ಥ್ರಾಂಬಿನ್ ಅಡಗುತ್ತದೆ. ಜಾಸ್ತಿ ಹಾಕಿದರೆ ಎಂತಹ ಕೆಟ್ಟ ಲೇಪನವೂ ಪಾಸಾಗುತ್ತದೆ. ಹಾಕದಿದ್ದರೆ ಎಂತಹ ಒಳ್ಳೆಯದೂ ನಪಾಸು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿ ತೋರಿಸುವಷ್ಟು ಕಡಿಮೆ ಪ್ರಮಾಣ ಕಂಡುಕೊಳ್ಳುವುದೇ ಪ್ರಯೋಗಾಲಯದ ಜಾಣ್ಮೆ.

ರಕ್ತದಾನಿ ಇತ್ತೀಚೆಗೆ ಆಸ್ಪಿರಿನ್ ನುಂಗಿರಬಾರದು. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯುಷ್ಯದುದ್ದಕ್ಕೂ, ಅಂದರೆ ಏಳರಿಂದ ಹತ್ತು ದಿನ, ಮಂಕಾಗಿಯೇ ಇರುತ್ತದೆ. ತೆಗೆದ ರಕ್ತವನ್ನು ಸುಮಾರು ನಾಲ್ಕು ಗಂಟೆಯೊಳಗೆ ಬಳಸಬೇಕು. ಒಬ್ಬನ ರಕ್ತ ಇನ್ನೊಬ್ಬನಂತಿರುವುದಿಲ್ಲವಾದ್ದರಿಂದ ಹಲವು ದಾನಿಗಳ ರಕ್ತದಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯ, ಅದೇ ದಿನ ಅದೇ ರಕ್ತದಲ್ಲಿ ಖಂಡಿತ ಕೆರಳಿಸುವ ಒಂದು ವಸ್ತು, ಅಷ್ಟಾಗಿ ಕೆರಳಿಸದ ಒಂದು ವಸ್ತು, ಈಗಾಗಲೇ ಮಾರುಕಟ್ಟೆಯಲ್ಲಿರುವ ಒಂದು ಸಾಧನ, ಇವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ‘ಪ್ಲೇಟ್‌ಲೆಟ್ ಅಂಟುವಿಕೆ ಶೇ 80ರಷ್ಟು ಕಡಿಮೆ’ ಎಂಬ ಸಾಲು ಓದಿದಾಗ ‘ಯಾವುದಕ್ಕಿಂತ?’ ಎಂದು ಕೇಳದಿದ್ದರೆ ಆ ಸಾಲಿಗೆ ಅರ್ಥವೇ ಇಲ್ಲ. ಗಾಜಿಗಿಂತ ಕಡಿಮೆ ಎಂದರೆ ಅದೇನು ಸಾಧನೆ!

## ಪ್ರಾಣಿಗಳಲ್ಲಿ ಪರೀಕ್ಷೆ

ಹೆಪ್ಪುತಡೆ ಔಷಧದ ಈ ಇಕ್ಕಟ್ಟಿನಿಂದ ಪಾರಾಗಲು ಜೀವಂತ ಪ್ರಾಣಿಯ ರಕ್ತನಾಳವನ್ನೇ ಬಳಸಬೇಕಾಯಿತು. 1960ರ ದಶಕದಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ವಿನ್ಸೆಂಟ್ ಗಾಟ್ ಪರೀಕ್ಷೆಯ ವಸ್ತುವಿನಿಂದ ಸಣ್ಣ ಉಂಗುರ ಮಾಡಿ ನಾಯಿಯ ಮಹಾಸಿರೆಯಲ್ಲಿ ಇಟ್ಟು, ಎರಡು ಗಂಟೆಯ ಬಳಿಕ ಮತ್ತು ಎರಡು ವಾರದ ಬಳಿಕ ತೆಗೆದು ನೋಡುತ್ತಿದ್ದರು. ಬಹುತೇಕ ಪ್ಲಾಸ್ಟಿಕ್‌ಗಳ ಉಂಗುರದ ಬಾಯಿ ಗರಣೆಯಿಂದ ಮುಚ್ಚಿಹೋಗುತ್ತಿತ್ತು. ಗ್ರಾಫೈಟ್ ಬಳಿದು, ಬೆಂಜಾಲ್ಕೋನಿಯಂ ಎಂಬ ಸೋಂಕುನಿವಾರಕದಲ್ಲಿ ಅದ್ದಿ, ಬಳಿಕ ಹೆಪಾರಿನ್ ಹಿಡಿಸಿದ ಉಂಗುರ ತೆರೆದೇ ಉಳಿಯಿತು. 1963ರಲ್ಲಿ ಪ್ರಕಟವಾದ ಆ ಕೆಲಸ ಹೆಪಾರಿನ್ ಲೇಪನಗಳಿಗೆ ನಾಂದಿ ಹಾಡಿತು.

ಅದೇ ಕಾಲದಲ್ಲಿ ಜಾಕ್ ಬೋಕ್ರೋಸ್ ಎಂಬ ಎಂಜಿನಿಯರ್ ಅಣುಸ್ಥಾವರದ ಇಂಧನದ ಕಾಳುಗಳಿಗೆ ಹೊದಿಸಲು ಪೈರೋಲಿಟಿಕ್ ಕಾರ್ಬನ್ ತಯಾರಿಸುತ್ತಿದ್ದರು. ಗಾಟ್ ಅವರ ಗ್ರಾಫೈಟ್ ಪ್ರಯೋಗದ ಬಗ್ಗೆ ಓದಿ ಸಂಪರ್ಕಿಸಿದರು. ಹೆಪಾರಿನ್‌ನ ನೆರವಿಲ್ಲದೆಯೂ ಈ ಇಂಗಾಲ ಗರಣೆಗೆ ಚೆನ್ನಾಗಿ ತಡೆಯೊಡ್ಡಿತು. ಆ ದಶಕ ಮುಗಿಯುವ ಹೊತ್ತಿಗೆ ಅದು ಹೃದಯ ಕವಾಟ ಸೇರಿತ್ತು. ಇಂದಿಗೂ ಹೆಚ್ಚಿನ ಯಾಂತ್ರಿಕ ಕವಾಟಗಳಲ್ಲಿ ಇರುವುದು ಅದೇ.

ನಮ್ಮ ದೇಶದ ಚಿತ್ರಾ ಕವಾಟ ಬೇರೆ ದಾರಿ ಹಿಡಿಯಿತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ನೀಲಮಣಿಯ ಬಿಲ್ಲೆಯನ್ನೂ ಪ್ರಯತ್ನಿಸಿ ಕೈಬಿಟ್ಟು, ಕೊನೆಗೆ ಕೋಬಾಲ್ಟ್-ಕ್ರೋಮಿಯಂ ಚೌಕಟ್ಟಿನಲ್ಲಿ ಗಟ್ಟಿ ಪಾಲಿಥೀನ್ ಬಿಲ್ಲೆ ಕೂರಿಸಿತು. ಕುರಿಗಳಲ್ಲಿ ಪರೀಕ್ಷಿಸಿದ ಮೇಲೆ 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅಳವಡಿಸಿದರು. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ನಿಧನರಾದರು.

ಪ್ರಾಣಿಪರೀಕ್ಷೆಯೂ ಕೊನೆಯ ಮಾತಲ್ಲ. ನಾಯಿಯ ಪ್ಲೇಟ್‌ಲೆಟ್ ಮನುಷ್ಯನದ್ದಲ್ಲ. ಹೆಪ್ಪುತಡೆ ಔಷಧ ಕೊಡದೆ ನಾಯಿಯ ಎರಡು ನಾಳಗಳಲ್ಲಿ, ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಇಟ್ಟು ನಾಲ್ಕು ಗಂಟೆ ನೋಡಿ ಅಂಕ ಕೊಡುವ ವಿಧಾನ ಬಹಳ ಕಾಲದಿಂದ ನಡೆದುಬಂದಿದೆ. ಆದರೆ ತುಂಡು ನಾಳದ ಗೋಡೆಗೆ ತಾಗಿದ ಕಡೆ ಗಾಯವಾಗಿ ಗರಣೆ ಕಟ್ಟಿದರೆ ಅದನ್ನು ಲೇಪನದ ಲೆಕ್ಕಕ್ಕೆ ಬರೆಯಬೇಕೇ ಎಂಬ ವಾದ ಇನ್ನೂ ಮುಗಿದಿಲ್ಲ.

## ಪ್ರಯೋಗಾಲಯಕ್ಕೆ ಸಿಗದೇ ಹೋದದ್ದು

ನಾಲ್ಕು ಗಂಟೆಯ ಪರೀಕ್ಷೆ ನಾಲ್ಕು ವರ್ಷದ ಮಾತನ್ನು ಹೇಳಲಾರದು. 1997ರಲ್ಲಿ ಸೇಂಟ್ ಜೂಡ್ ಕಂಪನಿ ತನ್ನ ಕವಾಟದ ಹೊಲಿಗೆಯ ಬಟ್ಟೆಯಂಚಿಗೆ ಬೆಳ್ಳಿ ಲೇಪಿಸಿ ‘ಸಿಲ್‌ಜೋನ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಬೆಳ್ಳಿ ಸೋಂಕು ತಡೆಯುತ್ತದೆ ಎಂಬ ಲೆಕ್ಕಾಚಾರ. ಲೇಪನ ಇರುವ, ಇಲ್ಲದ ಕವಾಟಗಳನ್ನು ರೋಗಿಗಳಲ್ಲಿ ಹೋಲಿಸುವ ಅಧ್ಯಯನ ನಡೆದಾಗ ಬೆಳ್ಳಿಯ ಕವಾಟಗಳ ಅಂಚಿನಿಂದ ರಕ್ತ ಸೋರುವುದು ಹೆಚ್ಚೆಂದು ಕಂಡುಬಂತು. ರೋಗಾಣುವನ್ನು ತಡೆಯಬೇಕಾದ ಬೆಳ್ಳಿ, ಅಂಚನ್ನು ಬೆಸೆಯಬೇಕಾದ ಅಂಗಾಂಶವನ್ನೂ ಬೆಳೆಯಗೊಡಲಿಲ್ಲ ಎಂಬ ಅನುಮಾನ ಮೂಡಿತು. 2000ದ ಜನವರಿಯಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಔಷಧ ಲೇಪಿತ ಸ್ಟೆಂಟ್‌ಗಳಿಗೂ ಅಂತಹ ದಿನ ಬಂತು. 2006ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ, ಮೊದಲ ತಲೆಮಾರಿನ ಲೇಪಿತ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ವರ್ಷ ಕಳೆದ ಮೇಲೂ ಗರಣೆ ಕಟ್ಟುತ್ತಿದೆಯೇ ಎಂಬ ಪ್ರಶ್ನೆ ಎದ್ದು ಕೋಲಾಹಲವಾಯಿತು. ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಅವರ ತಂಡ ಮೃತರ ಸ್ಟೆಂಟ್‌ಗಳನ್ನು ಸೀಳಿ ನೋಡಿದಾಗ ಕಂಡದ್ದು ಇದು: ಬರಿ ಲೋಹದ ಎಳೆಗಳನ್ನು ಎಂಡೋಥೀಲಿಯಂ ಬಹುಮಟ್ಟಿಗೆ ಮುಚ್ಚಿದ್ದ ಕಾಲಾವಧಿಯಲ್ಲೂ ಲೇಪಿತ ಎಳೆಗಳು ಬತ್ತಲಾಗಿಯೇ ಉಳಿದಿದ್ದವು. ನಾಳದ ಅತಿಬೆಳವಣಿಗೆ ತಡೆದ ಔಷಧ, ಬೇಕಾದ ಹಾಸಿನ ಬೆಳವಣಿಗೆಯನ್ನೂ ತಡೆದಿತ್ತು. ಔಷಧ ಮುಗಿದ ಮೇಲೂ ಉಳಿಯುವ ಪಾಲಿಮರ್ ಕೆಲವರಲ್ಲಿ ಉರಿಯೂತ ಎಬ್ಬಿಸಿತ್ತು. ಎಳೆ ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳನ್ನು ಮಂಕಾಗಿಡಲು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್‌ನಂತಹ ಇನ್ನೊಂದು ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದು ಇದಕ್ಕೇ. ಆಮೇಲೆ ಬಂದ ಸ್ಟೆಂಟ್‌ಗಳಲ್ಲಿ ಎಳೆ ತೆಳುವಾಯಿತು, ಪಾಲಿಮರ್ ಬದಲಾಯಿತು, ಕೆಲವದರಲ್ಲಿ ಕರಗಿಹೋಗುವಂತಾಯಿತು. ಆದರೆ ಆ ಮಾತ್ರೆಯನ್ನು ಎಷ್ಟು ತಿಂಗಳು ಕೊಡಬೇಕು ಎಂದು ನಿರ್ಧರಿಸುವುದು ತಿರುಗುವ ಬಳೆಯ ಫಲಿತಾಂಶದಿಂದಲ್ಲ, ಸಾವಿರಾರು ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನಗಳಿಂದ. ಅದನ್ನು ನಿಲ್ಲಿಸುವ ಮಾತನ್ನು ಹೃದ್ರೋಗ ವೈದ್ಯರೇ ಹೇಳಬೇಕು.

ಭಾರತದಲ್ಲಿ ಇಂತಹ ಸಾಧನಗಳು 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನ ನಿಯಮಗಳಡಿ ಬರುತ್ತವೆ. ಹೃದಯದ ಸ್ಟೆಂಟ್, ಕವಾಟಗಳು ಅತಿ ಹೆಚ್ಚು ಅಪಾಯದ ‘ಡಿ’ ವರ್ಗದವು. ಮಾರುಕಟ್ಟೆಗೆ ಬಂದ ಮೇಲೆ ತೊಂದರೆ ಕಂಡರೆ ವರದಿ ಮಾಡಲು 2015ರ ಜುಲೈನಲ್ಲಿ ಆರಂಭವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನೋಡಿಕೊಳ್ಳುತ್ತದೆ. ವರದಿ ಮಾಡುವಾಗ ಸಾಧನದ ಬ್ಯಾಚ್ ಸಂಖ್ಯೆ ಬೇಕಾಗುತ್ತದೆ. ಸ್ಟೆಂಟ್‌ನ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಬೆಲೆಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕೆಂದು 2017ರ ಬೆಲೆಮಿತಿ ಆದೇಶವೇ ಆಸ್ಪತ್ರೆಗಳಿಗೆ ಹೇಳಿದೆ. ಬಿಡುಗಡೆಯ ದಿನ ಕೈಗೆ ಬರುವ ಕಡತದಲ್ಲಿ ಆ ಸಾಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳಬಹುದು.